ಜಾಹೀರಾತು ಮುಗಿದ ಮೇಲೆ ಕೇಳಿದ ಮಾತು

ಸತ್ತವರ ಮಾತು ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿಯಾದರೂ ಬದುಕೆಲ್ಲ ಮಂಡ್ಯದಲ್ಲಿ ವಕೀಲರ ಗುಮಾಸ್ತನಾಗಿ ಕಳೆದವನು. ಸಾಕ್ಷಿಯಿಲ್ಲದ ಮಾತನ್ನು ನಂಬುವ ಅಭ್ಯಾಸ ನನಗಿರಲಿಲ್ಲ. ಈಗ ಹೇಳಹೊರಟಿರುವುದಕ್ಕೂ ಸಾಕ್ಷಿಯಿಲ್ಲ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ಇದರಲ್ಲಿ ನನ್ನ ತಪ್ಪು ಎಷ್ಟಿದೆಯೋ ಅಷ್ಟನ್ನಂತೂ ನಂಬಬಹುದು.

ನಮ್ಮ ಹಳೆಯ ವಕೀಲರು ತೀರಿಕೊಂಡ ಮೇಲೆ ಅವರ ಮಗಳು, ಈಗಿನ ನಮ್ಮ ಮೇಡಂ, ಆಫೀಸು ವಹಿಸಿಕೊಂಡರು. ಜಮೀನು ವ್ಯಾಜ್ಯಗಳು ಕಡಿಮೆಯಾಗಿ ಹಾಡು, ಸಿನಿಮಾ, ಮೊಬೈಲಿನಲ್ಲಿ ಬರುವ ಜಾಹೀರಾತುಗಳ ಕರಾರುಗಳು ಹೆಚ್ಚಾದವು. ಯಾರ ಮುಖ, ಯಾರ ದನಿ ಬಳಸಬೇಕಾದರೂ ಅವರ ಒಪ್ಪಿಗೆ ಬೇಕು. ಹಳ್ಳಿಯವರಾದರೆ ನಾನು ಹೋಗಿ, ಕರಾರನ್ನು ಆಡುಮಾತಿನಲ್ಲಿ ತಿಳಿಸಿ, ಅವರು ‘ಒಪ್ಪಿಗೆ ಅದೆ’ ಎನ್ನುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಬರುತ್ತಿದ್ದೆ. ನಾನು ತಿಳಿಸಿ ಹೇಳುವುದು ವಿಡಿಯೋದಲ್ಲಿ ಇರುತ್ತಿರಲಿಲ್ಲ. ಅವರ ಒಪ್ಪಿಗೆ ಮಾತ್ರ ಇರುತ್ತಿತ್ತು.

ಒಂದು ಬೆಲ್ಲದ ಕಂಪನಿಯ ಕೆಲಸಕ್ಕೆಂದು ಬೆಸಗರಹಳ್ಳಿಯ ಕೆಂಪಮ್ಮನವರ ಮನೆಗೆ ಹೋದೆ. ನನಗಿಂತ ಹಿರಿಯರು, ಸೋಬಾನೆ ಪದಕ್ಕೆ ಹೆಸರಾದವರು. ನಿಮ್ಮ ಹಾಡನ್ನು ಜಾಹೀರಾತಿಗೆ ಬಳಸುತ್ತಾರೆ ಎಂದೆ. ಅವರ ದನಿಯನ್ನು ಕಂಪ್ಯೂಟರಿಗೆ ಕಲಿಸಿ, ಅವರು ಎಂದೂ ಹಾಡದ ಹಾಡನ್ನೂ ಅದೇ ದನಿಯಲ್ಲಿ ಹಾಡಿಸಬಹುದು ಎಂದೂ ಕರಾರಿನಲ್ಲಿತ್ತು. ಅದನ್ನು ಹೇಳಲಿಲ್ಲ. ಹೇಳಿದರೆ ಒಪ್ಪುವುದಿಲ್ಲವೆಂದು ಗೊತ್ತಿತ್ತು. ಬರಿಗೈಯಲ್ಲಿ ಹಿಂದಿರುಗಿದರೆ, ಕಂಪ್ಯೂಟರ್ ಬಾರದ ಈ ಮುದುಕ ಇನ್ನೇಕೆ ಅಂದಾರು ಎಂಬ ಭಯವೂ ಇತ್ತು.

“ಎಲ್ಲಾನೂ ಏಳಿದ್ದೀಯ ತಾನೆ? ಆಮೇಕೆ ನನ್ ಬಾಯಲ್ಲಿ ಬೀಡಿ ಮಾರೋ ಪದ ಏಳ್ಸೀರಿ ಕಣಪ್ಪ,” ಎಂದು ನಕ್ಕರು.

“ಎಲ್ಲ ಹೇಳಿದ್ದೀನಿ ಕಣಮ್ಮ,” ಎಂದೆ.

ವಿಡಿಯೋ ಮುಗಿಸಿ, ಮೊಬೈಲು ಆರಿಸಿ ಜೇಬಿಗೆ ಹಾಕಿಕೊಂಡ ಮೇಲೆ ಅವರು ಮುದ್ದೆ, ಬಸ್ಸಾರು ತಂದಿಟ್ಟರು. ಮನೆಯಲ್ಲಿ ನಾವಿಬ್ಬರೇ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎಂದು ನಂಬಿದವರು ನಮ್ಮ ಕಡೆಯವರು. ನಾನು ಬಗೆದಾಗಿತ್ತು; ತಟ್ಟೆಗೆ ಕೈ ಹೋಗಲಿಲ್ಲ. ಇವತ್ತು ಸೋಮವಾರ, ನನಗೆ ಒಪ್ಪೊತ್ತು ಎಂದು ಇನ್ನೊಂದು ಸುಳ್ಳು ಹೇಳಿದೆ.

“ಸ್ವಾಮಾರ ಮಾಡೋ ಮಕ ನೋಡು! ಮದ್ದೂರಲ್ಲಿ ವಡೆ ತಿಂದ್ಕೊಂಡು ಬಂದಿದ್ದೀಯ. ಓಗ್ಲಿ ಬುಡು, ಇನ್ನೊಂದಿನ ಬಂದು ಉಣ್ಣೀವಂತೆ,” ಎಂದರು.

ಆ ಇನ್ನೊಂದು ದಿನ ಬರಲಿಲ್ಲ. ಕೆಲವು ತಿಂಗಳಲ್ಲಿ ಕೆಂಪಮ್ಮ ತೀರಿಕೊಂಡರು. ಆ ಹೊತ್ತಿಗೆ ಮೊಬೈಲಿನಲ್ಲಿ ಬರತೊಡಗಿದ್ದ ಜಾಹೀರಾತು ಮಾತ್ರ ನಿಲ್ಲಲಿಲ್ಲ. ಮಳವಳ್ಳಿಗೆ ಕೊಟ್ಟಿದ್ದ ಅವರ ಮಗಳು ಮಂಗಳಮ್ಮ ಒಂದು ಬೆಳಿಗ್ಗೆ ವಿಚಾರಿಸಿಕೊಂಡು ನಮ್ಮ ಆಫೀಸಿಗೇ ಬಂದಳು.

“ನಮ್ಮವ್ವನ ತಿತಿ ಇನ್ನೂ ಆಗಿಲ್ಲ, ಅವಳ ಗಂಟಲಲ್ಲಿ ಬೆಲ್ಲ ಮಾರ್ತಾವ್ರೆ! ಈ ಪದ ನಮ್ಮವ್ವ ಯಾವತ್ತೂ ಏಳಿದ್ದಲ್ಲ. ಇದಕ್ಕೆ ಅವಳು ಊಂ ಅಂದಿದ್ಲಾ? ಅದೊಂದು ಏಳ್ಬುಡಿ, ಎದ್ದೋಯ್ತೀನಿ.”

ಮೇಡಂ ಕಂಪ್ಯೂಟರಿನಲ್ಲಿ ಆ ಜಾಹೀರಾತನ್ನು ಹಾಕಿದರು. ಹಾಡು ಬರುತ್ತಿರುವಾಗಲೇ ನನ್ನ ಕಡೆ ತಿರುಗಿ, “ಗುಮಾಸ್ತರೇ, ಹೊಸ ಹಾಡು ಹಾಡಿಸ್ತಾರೆ ಅನ್ನೋದನ್ನ ಬಿಡಿಸಿ ಹೇಳಿದ್ರಿ ತಾನೆ?” ಎಂದು ಕೇಳಿದರು. ಹೌದು ಎಂದರೆ ಅಲ್ಲಿಗೆ ಮುಗಿಯಿತು. ಆ ದನಿ ಕಂಪನಿಯ ಪಾಲು. ಹೌದು ಎನ್ನಲೆಂದೇ ಬಾಯಿ ತೆರೆದೆ. ಹಾಡು ಮುಗಿಯಿತು. ಒಂದು ಉಸಿರಿನಷ್ಟು ಬಿಡುವು. ಆಮೇಲೆ ಅದೇ ದನಿ:

“ಸ್ವಾಮಾರ ಕಳೀತಲ್ಲ ನನ್ನಪ್ಪ. ಬಾ, ಉಣ್ಣು.”

ಹಾಡುವ ದನಿಯಲ್ಲ, ಮನೆಯೊಳಗೆ ಆಡುವ ದನಿ. ಕಿಟಕಿಯಿಂದ ಬಿಸಿಲು ಬಿದ್ದಿತ್ತು, ಹೊರಗೆ ಆಟೋಗಳು ಓಡಾಡುತ್ತಿದ್ದವು. ಇಬ್ಬರ ಮುಖವನ್ನೂ ನೋಡಿದೆ. ಅವರು ನನ್ನ ಉತ್ತರಕ್ಕೆ ಕಾಯುತ್ತಿದ್ದರು, ಅಷ್ಟೇ.

“ಹೇಳಿರಲಿಲ್ಲ ಮೇಡಂ,” ಎಂದೆ. “ಹೇಳಿದ್ದರೆ ಆಯಮ್ಮ ಒಪ್ಪುತ್ತಿರಲಿಲ್ಲ.”

ಮಂಗಳಮ್ಮ ನನ್ನನ್ನೇ ನೋಡಿದಳು. “ಥೂ, ತಲೆ ನೆರೆತದೆ. ಅದಕ್ಕಾದ್ರೂ ಬೆಲೆ ಬ್ಯಾಡ್ವಾ?” ಎಂದು ಎದ್ದು ಹೋದಳು. ಮೇಡಂ ಕರಾರಿನ ಕಡತ ತೆಗೆದು ಮುಂದಿಟ್ಟುಕೊಂಡರು. ಆಮೇಲೆ ಕಂಪನಿಯವರಿಗೆ ತಿಳಿಸಿ ಜಾಹೀರಾತನ್ನು ತೆಗೆಸಿದರು. ಆ ದನಿಯನ್ನು ಮುಂದೆ ಬಳಸದಂತೆಯೂ ಮಾಡಿದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಯಾರ ಒಪ್ಪಿಗೆ ತರುವುದಕ್ಕೂ ಮತ್ತೆ ಕಳಿಸಿಲ್ಲ.

ತೆಗೆಸುವ ಮುಂಚೆ ಆ ಜಾಹೀರಾತನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಬೆಲ್ಲದ ಹೆಸರಿಗೇ ಅದು ಮುಗಿಯುತ್ತದೆ. ಸೋಮವಾರದ ಮಾತು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಆಗ ಮೊಬೈಲೂ ಆರಿತ್ತು. ನಿನ್ನ ಮನಸ್ಸೇ ಆಡಿಸಿದ ಮಾತು ಎಂದು ನೀವು ಹೇಳಬಹುದು. ನಾನೂ ಹಾಗೆಂದು ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಆದರೆ ನನ್ನ ಮನಸ್ಸು ನನಗೆ ಗೊತ್ತು. ಅದು ಆಡಿಸಿದ್ದಾದರೆ ಬೈಯುತ್ತಿತ್ತು, ಶಾಪ ಹಾಕುತ್ತಿತ್ತು. ಆ ದನಿಯಲ್ಲಿ ಸಿಟ್ಟು ಎಳ್ಳಷ್ಟೂ ಇರಲಿಲ್ಲ. ಅಂಥ ಕರೆಯನ್ನು ನನ್ನೊಳಗಿನಿಂದ ಹುಟ್ಟಿಸುವ ಯೋಗ್ಯತೆ ನನಗಿಲ್ಲ. ಮತ್ತೆಲ್ಲಿಂದ ಬಂತೋ, ತಿಳಿಯದು.