ಹಳೆಯ ಪಂಜರ

ಮೇಲ್ನೋಟಕ್ಕೆ ಸಾಧಾರಣ ಸರಕು. ಕುಳ್ಳು ಮೈ, ಸವೆದ ಚಪ್ಪಲಿ, ಹೆಬ್ಬೆರಳ ತುಂಬ ಹಲ್ಲಿನ ಗುರುತು, ನಗುವುದರಲ್ಲಿ ಮಹಾ ಜಿಪುಣಿ. ಸಂಶೋಧನಾಲಯದಲ್ಲಿ ಇಲಿ ನೋಡಿಕೊಳ್ಳುವುದು ಅವಳ ಕೆಲಸ. ತಮ್ಮನಿಗೆ ಊಟದ ಡಬ್ಬಿ ತರುತ್ತಿದ್ದ ಗೋದಾಮಿನಲ್ಲಿ ಅವಳ ಹೆಸರು ಇಲಿಯಕ್ಕ. ಹಾಗೆ ಹೆಸರಿಟ್ಟವನು ಗೋದಾಮಿನ ಯಜಮಾನ, ಅಂದರೆ ಇದನ್ನು ಬರೆಯುತ್ತಿರುವವನು.

ತಮ್ಮ ಅಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದ. ಒಬ್ಬನೇ ಇಬ್ಬರ ಕೆಲಸ ಎಳೆಯುತ್ತಿದ್ದ. ಅದು ನಿದ್ದೆ ಓಡಿಸುವ ಮಾತ್ರೆಗಳ ಕರಾಮತ್ತು. ಕೆಲಸ ಸಾಗುವಾಗ ಕಾರಣ ಕೇಳುವ ಚಟ ವ್ಯಾಪಾರಿಗಳಿಗಿಲ್ಲ. ಅವನು ಕುಸಿದು ಬಿದ್ದ ಮೇಲೆಯೇ ಗುಟ್ಟು ರಟ್ಟಾಯಿತು. ಮೂರು ತಿಂಗಳ ಚಿಕಿತ್ಸೆಯಲ್ಲಿ ಮೈ ತುಂಬಿಕೊಂಡ. ಯಜಮಾನ ಅವನ ಮೇಜನ್ನು ಒರೆಸಿ ಕಾದಿರಿಸಿದ.

ಆ ವಾರವೇ ಇಲಿಯಕ್ಕನ ಕೈಯಲ್ಲೊಂದು ತಪ್ಪಾಯಿತು. ಅಂಥದೇ ಔಷಧ ಕೊಟ್ಟು, ನಿಲ್ಲಿಸಿ ತಿಂಗಳಾಗಿದ್ದ ಇಲಿಗಳು. ತೊಳೆದ ಪಂಜರ ಒಣಗಿರಲಿಲ್ಲವೆಂದು, ಒಂದು ಗಳಿಗೆ ತಾನೆ ಎಂದು, ಔಷಧ ಕೊಡುತ್ತಿದ್ದ ಹಳೆಯ ಪಂಜರಕ್ಕೇ ಬಿಟ್ಟಳು. ಅಷ್ಟು ಹೊತ್ತು ಸಾಧುವಾಗಿದ್ದವು ಮೂಲೆಗೆ ನುಗ್ಗಿ, ಹಿಂದೆ ಒತ್ತಿದರೆ ಔಷಧ ಬರುತ್ತಿದ್ದ, ಈಗ ಏನೂ ಬಾರದ ಗುಂಡಿಯನ್ನು ಒತ್ತತೊಡಗಿದವು. ಕಾಳು ಹಾಕಿದರೂ ತಿರುಗಿ ನೋಡಲಿಲ್ಲ.

ಸಂಶೋಧನೆ ನಡೆಸುತ್ತಿದ್ದ ಮೇಡಂ ಮೊದಲು ಬೈದರು, ಆಮೇಲೆ ತಿಳಿಹೇಳಿದರು. ಔಷಧ ಮೈಯಿಂದ ಎಂದೋ ಹೋಗಿದೆ. ಜೀನುಗಳ ಬರಹವೂ ಮೊದಲಿನದೇ. ಆದರೆ ಮೆದುಳಿನಲ್ಲಿ ಯಾವ ಜೀನು ದುಡಿಯಬೇಕು, ಯಾವುದು ಸುಮ್ಮನಿರಬೇಕು ಎಂಬ ಏರ್ಪಾಟು ಅದಲುಬದಲಾಗಿದೆ. ಅದು ಅಷ್ಟು ಬೇಗ ಹಳಿಗೆ ಬರುವುದಿಲ್ಲ.

ಅವಳಿಗೆ ತಮ್ಮನ ಮೇಜು ಕಣ್ಣಿಗೆ ಕಟ್ಟಿತು. ಕೆಲಸದ ಕೋಟಿನಲ್ಲೇ ಗೋದಾಮಿಗೆ ಓಡಿದಳು.

"ಏನಿಲಿಯಕ್ಕ, ಇವತ್ತು ಬೆಕ್ಕಿಗೆ ಕೆಲಸ ವಹಿಸಿ ಬಂದ್ಯಾ?" ಎಂದ ಯಜಮಾನ.

"ಯಜಮಾನ್ರೆ, ಅವನನ್ನ ಆ ಮೇಜಿಗೆ ಕೂರಿಸ್ಬೇಡಿ. ಬೇರೆ ಎಲ್ಲಾದ್ರೂ ಹಾಕಿ, ಬಾಗಿಲು ಕಾಯೋಕಾದ್ರೂ ಸರಿ."

"ವಾಸಿಯಾಗಿದಾನಲ್ಲಮ್ಮ. ಮನಸ್ಸು ಗಟ್ಟಿ ಇದ್ರೆ ಆಯ್ತು."

"ಬಂದು ನನ್ನ ಇಲಿಗಳಿಗೆ ಹೇಳಿ ನೋಡಿ, ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಂತ. ಪೆಟ್ಟಿಗೆಗೆ ಸುತ್ತೋ ಆ ಅಂಟುಪಟ್ಟಿ ವಾಸನೆ ಬಡಿದ್ರೆ ಸಾಕು, ಅವನ ತಲೆ ಮಾತ್ರೆ ಹುಡುಕತ್ತೆ."

ಯಜಮಾನ ನಕ್ಕು ಕಳಿಸಿದ. ಇಲಿ ಎಲ್ಲಿ, ಮನುಷ್ಯ ಎಲ್ಲಿ.

ಸೋಮವಾರ ತಮ್ಮ ಅದೇ ಮೇಜಿಗೆ ಕುಳಿತ. ಗುರುವಾರ ಮಧ್ಯಾಹ್ನದೊಳಗೆ ಇಬ್ಬರ ಕೆಲಸ ಮುಗಿದಿತ್ತು. ಈ ಸಲ ಯಜಮಾನನಿಗೆ ಕಾರಣ ಕೇಳಬೇಕಾಗಿ ಬರಲಿಲ್ಲ. ಹೇಳಿಕಳಿಸಿದಾಗ ಇಲಿಯಕ್ಕ ಬಂದಳು, ಯಾರನ್ನೂ ಬೈಯಲಿಲ್ಲ. ಅವನ ಕೈಯನ್ನು, ಹೆದರಿದ ಇಲಿಯನ್ನು ಹಿಡಿಯುವಂತೆ ನೋವಾಗದ ಹಾಗೆ ಹಿಡಿದು, ಆಸ್ಪತ್ರೆಗೆ ನಡೆಸಿಕೊಂಡು ಹೋದಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವನು ಮತ್ತೆ ಚಿಕಿತ್ಸೆಯಲ್ಲಿದ್ದಾನೆ. ನಾನು ಅವಳಿಗೆ ಕ್ಷಮೆ ಕೇಳಬೇಕು, ಇನ್ನೂ ಕೇಳಿಲ್ಲ.