ಕೆಳಗಿನ ಎರಡು ಸಾಲು

ನಮ್ಮಪ್ಪ ಗುಂಡ್ಲುಪೇಟೆಯಲ್ಲಿ ಲಾರಿಗಳಿಗೆ, ಅಂಗಡಿ ಬೋರ್ಡುಗಳಿಗೆ ಅಕ್ಷರ ಬರೆಯುತ್ತಿದ್ದ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಅಲ್ಲೇ ಪಿಯುಸಿ ಓದುತ್ತಿದ್ದೆ. ಲ್ಯಾಬಿನ ಗೋಡೆಯ ಮೇಲೆ ಆವರ್ತ ಕೋಷ್ಟಕ ಬರೆಯಲು ನಮ್ಮ ಕೆಮಿಸ್ಟ್ರಿ ಮೇಷ್ಟ್ರು ಅಪ್ಪನನ್ನೇ ಕರೆದರು.

ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನ್ನ ಪುಸ್ತಕ ಮುಂದಿಟ್ಟುಕೊಂಡು ಒಂದೊಂದು ಅಕ್ಷರವನ್ನೂ ಚಿತ್ರದಂತೆ ಬಿಡಿಸುತ್ತಿದ್ದ. ಮೂರನೆಯ ದಿನ ನಾನು ನೋಡಲು ಹೋದಾಗ ಬ್ರಷ್ ಕೆಳಗಿಟ್ಟು ಕೇಳಿದ:

“ಈ ಎರಡು ಸಾಲ ಯಾಕವ್ವ ಕೆಳಕ್ ತಳ್ಬುಟ್ಟವ್ರೆ?”

ನನಗೂ ಗೊತ್ತಿರಲಿಲ್ಲ. ಮರುದಿನ ಮೇಷ್ಟ್ರನ್ನು ಕೇಳಿದೆ. ಅವರು ಖುಷಿಯಾಗಿ ಹೇಳಿದರು. ಆ ಸಾಲುಗಳು ಬರಬೇಕಾದದ್ದು ನಡುವೆಯೇ, ಲ್ಯಾಂಥನಮ್ ಆದಮೇಲೆ ಹದಿನಾಲ್ಕು, ಆಕ್ಟಿನಿಯಮ್ ಆದಮೇಲೆ ಹದಿನಾಲ್ಕು. ಇವುಗಳಲ್ಲಿ ಹೊಸ ಎಲೆಕ್ಟ್ರಾನು ಹೊರಗಿನ ಕವಚಕ್ಕೆ ಸೇರದೆ ಸಾಮಾನ್ಯವಾಗಿ ಒಳಗಿನದಕ್ಕೆ ಸೇರುತ್ತದೆ, ಹಾಗಾಗಿ ಮೊದಲ ಸಾಲಿನವು ಗುಣದಲ್ಲಿ ಬಹಳ ಹತ್ತಿರ. ನಡುವೆ ಸೇರಿಸಿದರೆ ಕೋಷ್ಟಕ ತೀರ ಅಗಲವಾಗಿ ಪುಟದಲ್ಲಿ ಹಿಡಿಸುವುದಿಲ್ಲ, ಅದಕ್ಕೇ ಕೆಳಗೆ ಬರೆಯುತ್ತಾರೆ, ಅಷ್ಟೆ.

ಸಂಜೆ ಅಪ್ಪನಿಗೆ ಹೇಳಿದೆ. ಅವನು ಗೋಡೆಯನ್ನು ಈ ತುದಿಯಿಂದ ಆ ತುದಿವರೆಗೆ ನೋಡಿದ.

“ಪುಟದಲ್ ಜಾಗ ಇಲ್ಲ, ಸರಿ. ಗೋಡೇಲಿ ಐತಲ್ಲ. ಅವುಗಳ ಜಾಗಕ್ಕೇ ಸೇರ್ಸ್ಬುಡನ. ಮೇಷ್ಟ್ರನ್ನ ಕೇಳವ್ವ.”

“ಬ್ಯಾಡ ಕಣಪ್ಪ. ಬೋರ್ಡ್ ಬರೆಯೋನು ಏನೋ ತಪ್ಪು ಮಾಡವ್ನೆ ಅಂತ ಎಲ್ರೂ ನಗ್ತಾರೆ. ಪುಸ್ತಕದಲ್ಲಿರೋ ಹಂಗೇ ಬರಿ.”

ಅಪ್ಪ ಬ್ರಷ್ ಎತ್ತಿಕೊಂಡು ಕೆಳಗೇ ಬರೆಯತೊಡಗಿದ. ಮೊದಲ ಸಾಲು ಮುಗಿಸಿ, ಎರಡನೆಯದನ್ನು ಅರ್ಧ ಬರೆದು ಮನೆಗೆ ಬಂದ.

ಮಾರನೆಯ ಬೆಳಿಗ್ಗೆ ಹಿತ್ತಲಲ್ಲಿ ಕುಸಿದು ಬಿದ್ದ. ಲಕ್ವ ಹೊಡೆದು ಬಲಗೈ, ಬಲಗಾಲು ನಿಂತುಹೋಗಿದ್ದವು. ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದೆವು. ಅಷ್ಟರಲ್ಲಿ ಬೇರೆಯೊಬ್ಬ ಪೇಂಟರ್ ಬಂದು ಉಳಿದದ್ದನ್ನು ಬರೆದು ಹೋಗಿದ್ದ.

“ಗೋಡೇಲಿ ಇನ್ನೂ ಏಳು ಮನೆ ಉಳ್ಕಂಡವೆ,” ಎಂದ ಅಪ್ಪ ಒಂದು ದಿನ, ತೊದಲುತ್ತ.

“ಹಂಗೇ ಬುಟ್ಟವ್ರೆ ಕಣಪ್ಪ. ಹುಷಾರಾದ್ಮೇಲೆ ನೀನೇ ಬರೀವಂತೆ.”

ಅಪ್ಪ ನಂಬಿದ. ಆಮೇಲೆ ನಾನು ಹೋದಾಗಲೆಲ್ಲ ಎಡಗೈ ಬೆರಳಿನಿಂದ ಹಾಸಿಗೆಯ ಮೇಲೆ ಅಕ್ಷರ ತೀಡುತ್ತಿದ್ದ. ಸಾಲುಗಳನ್ನು ನಡುವೆ ಸೇರಿಸುವ ಮಾತನ್ನು ಮತ್ತೆ ಎತ್ತಲಿಲ್ಲ. ನೀನು ಹೇಳಿದ್ದು ಸರಿಯಾಗಿತ್ತು ಎಂದು ನಾನೂ ಹೇಳಲಿಲ್ಲ. ಇನ್ನೊಮ್ಮೆ ಲಕ್ವ ಹೊಡೆದು, ಆಸ್ಪತ್ರೆಯಲ್ಲೇ ತೀರಿಕೊಂಡ.

ತಿಥಿ ಕಳೆದ ಮೇಲೆ ಅವ್ವ ಅವನ ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಆ ಇನ್ನೊಬ್ಬ ಪೇಂಟರಿಗೇ ಕೊಟ್ಟುಬಿಟ್ಟಳು. ಒಂದಾದರೂ ಇರಲಿ ಎನ್ನಲು ನನಗೆ ಬಾಯಿ ಬರಲಿಲ್ಲ.