ಕೆಮ್ಮಬಾರದ ಬೇಸಿಗೆ

ಆ ದಿನಗಳಲ್ಲಿ, ಅಂದರೆ ಎರಡನೇ ಸಲ ಎಲ್ಲ ಬಂದ್ ಆದ ಬೇಸಿಗೆಯಲ್ಲಿ, ನಮ್ಮ ಬ್ಯಾಡಗಿಯಲ್ಲಿ ಕೆಮ್ಮುವುದು ತಪ್ಪಾಗಿತ್ತು. ಅದಕ್ಕೂ ಮೊದಲು ನಮ್ಮೂರಲ್ಲಿ ಕೆಮ್ಮನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಿದ್ದರು? ಮೆಣಸಿನಕಾಯಿ ಸುಗ್ಗಿಯಲ್ಲಿ ರೈಲು ಇಳಿದವರು ಸ್ಟೇಷನ್ ದಾಟುವ ಮೊದಲೇ ಸೀನುತ್ತಿದ್ದರು. ಅಪ್ಪ ಮಾರುಕಟ್ಟೆಯಲ್ಲಿ ಹಮಾಲಿ. ಮೂಗು ಬಾಯಿಗೆ ಟವೆಲ್ ಸುತ್ತಿಕೊಂಡು ದಿನವಿಡೀ ಚೀಲ ಹೊತ್ತು, ಸಂಜೆ ಓಣಿಯ ತುದಿಯಲ್ಲಿ ಅವನು ಕೆಮ್ಮಿದ ಸದ್ದು ಕೇಳಿಯೇ ಅವ್ವ ಚಹಾಕ್ಕೆ ಇಡುತ್ತಿದ್ದಳು.

ಒಂದು ಪುಸ್ತಕ ಮನೆ ಹೊಕ್ಕದ್ದೂ ಆ ಬೇಸಿಗೆಯಲ್ಲೇ. ರಾಣೆಬೆನ್ನೂರಿನ ಹಾಸ್ಟೆಲ್ ಮುಚ್ಚಿದಾಗ ಅಕ್ಕ ತನ್ನ ಗಂಟುಮೂಟೆಯೊಳಗೆ ತಂದದ್ದು. ರಟ್ಟು ಹರಿದಿತ್ತು, ಕೊನೆಯ ಹಾಳೆಗಳೂ ಇರಲಿಲ್ಲ. ಮುಂದೆಂದೋ ಬರುವ ಕೆಟ್ಟ ಕಾಲದ ಕಾದಂಬರಿ. ಊರ ಸುತ್ತ ಗೋಡೆ, ಓಣಿಗೊಂದು ಕೆಮ್ಮು ಕೇಳಿಸಿಕೊಳ್ಳುವ ಯಂತ್ರ. ಯಾರು ಕೆಮ್ಮಿದರೂ ಬಿಳಿ ಗಾಡಿ ಬಂದು ಗೋಡೆಯಾಚೆ ಒಯ್ಯುತ್ತದೆ, ಹೋದವರು ತಿರುಗಿ ಬರುವುದಿಲ್ಲ. ನನ್ನ ವಯಸ್ಸಿನ ಹುಡುಗಿಯೊಬ್ಬಳು ಕೆಮ್ಮುವ ತಮ್ಮನನ್ನು ಬಚ್ಚಿಟ್ಟುಕೊಂಡು ಹೇಗೋ ಜೀವ ಹಿಡಿದಿರುತ್ತಾಳೆ.

ಏಳನೆಯ ತರಗತಿ ಮುಗಿದಿದ್ದ ನಾನು ಅದನ್ನು ಮತ್ತೆ ಮತ್ತೆ ಓದಿದೆ. ಪುಸ್ತಕ ಮಡಚಿ ಹೊರಗೆ ನೋಡಿದರೆ ಅಲ್ಲಿಯೂ ಖಾಲಿ ಓಣಿ, ಪೊಲೀಸರ ಸೀಟಿ, ಬಾಯಿ ಕಟ್ಟಿಕೊಂಡ ಮಂದಿ. ಕಥೆ ಎಲ್ಲಿ ಮುಗಿಯಿತು, ನಮ್ಮ ಓಣಿ ಎಲ್ಲಿ ಶುರುವಾಯಿತು, ತಿಳಿಯದಾಯಿತು.

“ಅಕ್ಕಾ, ಇದು ಖರೇ ಏನ?”

“ಹುಚ್ಚಿ, ಅದು ಕಥಿ.”

“ಕಥಿ ಆದ್ರ ಹೊರಗೂ ಯಾಕ ಹಂಗ ಐತಿ?”

ಅಕ್ಕ ಕಿಟಕಿಯಾಚೆ ಒಮ್ಮೆ ನೋಡಿ, “ಹೋಗ, ಅಜ್ಜಿ ಕೂಡ ಮೆಣಸಿನಕಾಯಿ ತೊಟ್ಟು ಬಿಡಸ ಹೋಗ” ಎಂದಳು.

ಮಾರುಕಟ್ಟೆ ಮುಚ್ಚಿ ಅಪ್ಪ ಮನೆಯಲ್ಲೇ ಕುಳಿತರೂ ಅವನ ಕೆಮ್ಮು ಬಿಟ್ಟಿರಲಿಲ್ಲ. ನನಗೆ ಅದೇ ಜೀವಭಯ. ಕಾದಂಬರಿಯ ಹುಡುಗಿಯ ಹಾಗೆ ಅಪ್ಪನ ಕೈಗೆ ಬೆಲ್ಲದ ಚೂರು ಕೊಡುತ್ತಿದ್ದೆ. “ಕೆಮ್ಮು ಬಂದ್ರ ಇದನ್ನ ಬಾಯಾಗ ಹಾಕ್ಕೊಂಡು ಉಗುಳು ನುಂಗಪ್ಪಾ.”

“ಬ್ಯಾಡಗ್ಯಾಗ ಹುಟ್ಟಿ ಕೆಮ್ಮಬ್ಯಾಡ ಅಂದ್ರ ಹೆಂಗವ್ವಾ?” ಎಂದು ಅವನು ನಕ್ಕ. ನಗುತ್ತಲೇ ಕೆಮ್ಮಿದ. ಎದುರುಮನೆಯ ಕಿಟಕಿ ಮುಚ್ಚಿಕೊಂಡಿತು.

ಅಂಜಿಕೆಯಲ್ಲಿ ನನಗೆ ಊಟ ಸೇರದಾಯಿತು. ಇದಕ್ಕೆ ಅಜ್ಜಿ ಕಂಡುಕೊಂಡ ಕಾರಣ ಒಂದೇ, ಕೂಸಿಗೆ ದೃಷ್ಟಿಯಾಗಿದೆ. ಅಮಾವಾಸ್ಯೆಯ ಸಂಜೆ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ನನ್ನ ಮುಖಕ್ಕೆ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಎದ್ದರೆ ದೃಷ್ಟಿ ಆಗಿಲ್ಲ, ಏಳದಿದ್ದರೆ ಭಾರೀ ದೃಷ್ಟಿ ಆಗಿತ್ತು ಎಂದು ಲೆಕ್ಕ. ಹಿಂದೆಲ್ಲ ಘಾಟೆದ್ದಾಗ ಎಲ್ಲರಿಗಿಂತ ಜೋರಾಗಿ ಕೆಮ್ಮುತ್ತಿದ್ದವಳು ಅಜ್ಜಿಯೇ.

ಅವತ್ತು ಹೊಗೆ ಎದ್ದದ್ದೇ ತಡ, ಅವ್ವ, ಅಪ್ಪ, ಅಕ್ಕ ಕೆಮ್ಮುತ್ತ ಬಾಗಿಲಿಗೆ ಓಡಿದರು. ನಾನು ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡು ಉಗುಳು ನುಂಗುತ್ತಿದ್ದೆ. ಅಜ್ಜಿ ಮಾತ್ರ ಒಲೆಯ ಮುಂದೆಯೇ ಆರಾಮಾಗಿ ಕುಳಿತಿದ್ದಳು.

“ಒಂಚೂರೂ ಘಾಟಿಲ್ಲ ನೋಡ್ರಿ. ಎಂಥಾ ಕೆಟ್ಟ ಕಣ್ಣ ಬಿದ್ದಿತ್ತ ಕೂಸಿನ ಮ್ಯಾಲ,” ಎಂದು ಇನ್ನೊಂದು ಹಿಡಿ ಹಾಕಿದಳು.

“ಅತ್ತೀ, ನಾವಿಲ್ಲಿ ಸಾಯಾಕತ್ತೇವಿ, ಘಾಟಿಲ್ಲ ಅಂತೀರಲ್ರಿ,” ಎಂದಳು ಅವ್ವ.

ನನಗೆ ಏನೊಂದೂ ತಿಳಿಯಲಿಲ್ಲ. ಅಜ್ಜಿ ಸುಳ್ಳು ಹೇಳುವವಳಲ್ಲ. ಆದರೆ ನನ್ನ ಎದೆ ಉರಿಯುತ್ತಿತ್ತು.

ನಮ್ಮ ಕೆಮ್ಮು ಕೇಳಿದವರು ಯಾರೋ ಫೋನ್ ಮಾಡಿದ್ದರು. ಮರುದಿನ ಬೆಳಿಗ್ಗೆ ಆಶಾ ಕಾರ್ಯಕರ್ತೆ ಬಂದರು. ನಾನು ಓಡಿಹೋಗಿ ಅಪ್ಪನ ಮುಂದೆ ನಿಂತೆ. “ನಮ್ಮಪ್ಪ ಕೆಮ್ಮಿಲ್ರಿ.”

ಆಗ ಮೂಲೆಯಿಂದ ಅಜ್ಜಿ ಹೆಮ್ಮೆಯಿಂದ ಹೇಳಿದಳು: “ಎಲ್ಲಾರೂ ಕೆಮ್ಮಿದ್ರವ್ವಾ. ನಾ ಒಬ್ಬಾಕಿ ಕೆಮ್ಮಲಿಲ್ಲ. ನನಗ ಘಾಟ ಬರಲಿಲ್ಲ.”

ಆಶಾ ಕಾರ್ಯಕರ್ತೆ ಅಪ್ಪನನ್ನು ಬಿಟ್ಟು ಅಜ್ಜಿಯ ಕಡೆ ತಿರುಗಿದರು. “ಅಜ್ಜಿ, ನಿನ್ನೆ ಸಾರಿನ ವಾಸನಿ ಬಂತೇನ್ರಿ?”

ಅಜ್ಜಿ ಯೋಚಿಸಿದಳು. “ಇಲ್ಲ ನೋಡವ್ವಾ. ನಾಕ ದಿನಾತು, ಯಾತರದೂ ವಾಸನಿ ಬರವಲ್ದು.”

ಅಜ್ಜಿಯ ಬೆರಳಿಗೆ ಸಿಕ್ಕಿಸಿದ ಪುಟ್ಟ ಯಂತ್ರ ನೋಡಿ ಆಕೆಯ ಮುಖ ಬಿಗಿಯಿತು. ಮಧ್ಯಾಹ್ನದ ಹೊತ್ತಿಗೆ ಬಿಳಿ ಗಾಡಿ ಓಣಿಗೆ ಬಂತು. ಥೇಟ್ ಪುಸ್ತಕದ್ದೇ. ಆದರೆ ಅದು ಒಯ್ದದ್ದು ಕೆಮ್ಮುವ ಅಪ್ಪನನ್ನಲ್ಲ, ಕೆಮ್ಮದ ಅಜ್ಜಿಯನ್ನು. ನಾನು ಗಾಡಿಯ ಹಿಂದೆ ಹೋಗಿ, “ಅಜ್ಜಿ, ಒಮ್ಮೆ ಕೆಮ್ಮು. ಒಮ್ಮೆ ಕೆಮ್ಮಿದ್ರ ಬಿಡ್ತಾರ,” ಎಂದು ಅತ್ತೆ.

“ಬರವಲ್ದಲ್ಲ ಕೂಸ,” ಎಂದು ಅವಳು ನಕ್ಕಳು. “ನಿನ್ನ ದೃಷ್ಟಿ ಹೋಗೇತಿ. ಹೋಗಿ ಉಣ್ಣು.”

ಹಾವೇರಿಯ ಆಸ್ಪತ್ರೆಗೆ ಹೋದ ಅಜ್ಜಿ ತಿರುಗಿ ಬರಲಿಲ್ಲ. ಹೋದವರು ಬರುವುದಿಲ್ಲ ಎಂಬುದೊಂದನ್ನು ಆ ಪುಸ್ತಕ ಖರೇ ಹೇಳಿತ್ತು, ಉಳಿದದ್ದೆಲ್ಲ ತಿರುವುಮುರುವು. ಅದರ ಮೇಲೆ ನನಗೆ ಈಗಲೂ ಸಿಟ್ಟು. ಡಿಗ್ರಿಗೆಂದು ದಿನಾ ರಾಣೆಬೆನ್ನೂರಿಗೆ ಹೋಗುತ್ತೇನೆ. ಹುಡುಕಿದರೆ ಅಲ್ಲಿ ಎಲ್ಲಾದರೂ ಅದರ ಪೂರ್ತಿ ಪ್ರತಿ ಸಿಕ್ಕೀತು. ಆದರೆ ಆ ಹುಡುಗಿ ತಮ್ಮನನ್ನು ಉಳಿಸಿಕೊಂಡಳೇ ಎಂದು ತಿಳಿಯುವ ಮನಸ್ಸೇ ಬಂದಿಲ್ಲ.

ಈಗ ಅಮಾವಾಸ್ಯೆಗೆ ದೃಷ್ಟಿ ತೆಗೆಯುವವಳು ಅವ್ವ. ಮೆಣಸಿನಕಾಯಿ ಒಲೆಗೆ ಬಿದ್ದ ಕೂಡಲೇ ಯಾರೂ ಬಾಗಿಲಿಗೆ ಓಡುವುದಿಲ್ಲ. ನಿಂತಲ್ಲೇ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತ ಘಾಟಿಗೆ ಕಾಯುತ್ತೇವೆ. ಅಪ್ಪ ಕೆಮ್ಮುತ್ತಾನೆ, ಅಕ್ಕ ಕೆಮ್ಮುತ್ತಾಳೆ, ಅವ್ವ ಕೆಮ್ಮುತ್ತಾಳೆ, ನಾನೂ ಕೆಮ್ಮುತ್ತೇನೆ. ಆಮೇಲೂ ಸ್ವಲ್ಪ ಹೊತ್ತು ಯಾರೂ ಅಲ್ಲಿಂದ ಕದಲುವುದಿಲ್ಲ, ಇನ್ನೊಂದು ಕೆಮ್ಮು ಬಾಕಿ ಇದ್ದವರ ಹಾಗೆ.